ಅರ್ಥದ ವೈರು

ನಂಬುವುದಿಲ್ಲ ಅಂತ ಈಗಲೇ ಹೇಳಿ, ಎದ್ದು ಹೋಗಿಬಿಡಿ. ಹೊಳೆದಂಡೆಯ ಆಶ್ರಮದಲ್ಲಿ, ಜಪಮಣಿ ಹಿಡಿಯಬೇಕಾದ ಕೈಯಲ್ಲಿ ವೈರಿನ ಸುರುಳಿ ಹಿಡಿದ ಗುರು ಒಬ್ಬನಿದ್ದ ಅಂದರೆ ಯಾರು ನಂಬುತ್ತಾರೆ?

ಕೂತು ಪೂರ್ತಿ ಕೇಳಿದ ಮೇಲೂ ಸುಳ್ಳು ಅನ್ನಿಸಿದರೆ, ಹೇಳಿದವನ ಮೀಸೆ ಇಲ್ಲೇ ಬೋಳಿಸಿ. ಮೀಸೆ ಸಣ್ಣದೇನಲ್ಲ, ನೋಡಿಕೊಳ್ಳಿ.

ಗುರುವಿನ ಹೆಸರು ಮೌನೇಶಜ್ಜ. ಆಶ್ರಮ ಅಂದರೆ ಒಂದು ಗುಡಿ, ಒಂದು ಅಡುಗೆಮನೆ, ಹಿಂದೆ ತಗಡಿನ ಶೆಡ್ಡು. ಮುಂದೆ ಹೊಳೆ. ಹೊಳೆಯ ಮಗ್ಗುಲಿನಿಂದಲೇ ಸುತ್ತಿ ಸುತ್ತಿ ಮೇಲೇರುವ ಗುಡ್ಡದ ರಸ್ತೆ.

ಆ ಶೆಡ್ಡಿನಲ್ಲಿ ಅಜ್ಜ ಗಾಡಿಗಳ ವೈರಿಂಗ್ ಕಲಿಸುತ್ತಿದ್ದ. ಕಲಿಯಲು ಬಂದವರು ಅಲ್ಲೇ ಉಣ್ಣುತ್ತಿದ್ದರು, ಅಲ್ಲೇ ಮಲಗುತ್ತಿದ್ದರು.

ಕಲಿತದ್ದಾಯಿತು ಅಂತ ಅಜ್ಜ ಯಾರಿಗೂ ಬಾಯಿಬಿಟ್ಟು ಹೇಳಿದವನಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡ ಟೆಸ್ಟ್ ಲ್ಯಾಂಪು ತೆಗೆದು ಕೈಗೆ ಕೊಡುತ್ತಿದ್ದ, ಅಷ್ಟೇ. ಒಂದು ಸಣ್ಣ ಬಲ್ಬು, ಅದಕ್ಕೆ ಎರಡು ವೈರು. ಒಂದರ ತುದಿಗೆ ಕಚ್ಚಿಕೊಳ್ಳುವ ಕ್ಲಿಪ್ಪು, ಇನ್ನೊಂದರ ತುದಿಗೆ ಸೂಜಿ. ಕೊಟ್ಟಮೇಲೆ ತನಗೆ ಮತ್ತೊಂದು ಮಾಡಿಕೊಳ್ಳುತ್ತಿದ್ದ. ಅದನ್ನು ಪಡೆದವರು ಊರೂರಿನಲ್ಲಿ ಅಂಗಡಿ ಇಟ್ಟಿದ್ದರು.

ಶಿಷ್ಯನ ಹೆಸರು ಹುಲಿಗೇಶ. ಹೆಸರಿನಲ್ಲಿ ಒಂದು ಹುಲಿ ಇತ್ತು, ಮಾತಿನಲ್ಲಿ ಇನ್ನೆರಡು ಇದ್ದವು. ಅವನ ಕಣ್ಣು ಬೆಳಗಾದರೆ ಅಜ್ಜನ ಸೊಂಟದ ಮೇಲೆ.

"ಅಜ್ಜಾ, ಆ ಲ್ಯಾಂಪ್ ಭಾಳ ದಿನದಿಂದ ನಿಮ್ಮ ಸೊಂಟದಾಗ ಐತಿ. ಬ್ಯಾಸರ ಆಗಿಲ್ಲೇನ್ರಿ ಅದಕ್ಕ?"

"ಅದು ಮಾತಾಡಂಗಿಲ್ಲ. ಅದಕ್ಕ ಬ್ಯಾಸರ ಆಗಿಲ್ಲ."

ಇನ್ನೊಂದು ಸಂಗತಿ ಮೊದಲೇ ತಿಳಿದಿರಲಿ. ಯಾವ ದೀಪಕ್ಕಾದರೂ ಎರಡು ವೈರು. ಕೆಂಪು ವೈರು ಕರೆಂಟು ತರುತ್ತದೆ. ಕಪ್ಪು ವೈರು ಅದನ್ನು ಬ್ಯಾಟರಿಗೆ ವಾಪಸು ಒಯ್ಯುತ್ತದೆ. ಆ ಕಪ್ಪು ವೈರಿಗೆ ಪಟ್ಟಣದವರು ಅರ್ತಿಂಗ್ ಅನ್ನುತ್ತಾರೆ. ಶೆಡ್ಡಿನ ನಾಲಿಗೆಗಳ ಮೇಲೆ ಸವೆದು ಸವೆದು ಅದು 'ಅರ್ಥ' ಆಗಿತ್ತು.

"ಅರ್ಥ ಕೊಡು", "ಅರ್ಥ ಸಡಲಾಗೈತಿ", "ಅರ್ಥ ಹಿಡಿ". ಹೊರಗಿನವರು ಕೇಳಿದರೆ ಒಳಗೆ ಪುರಾಣ ನಡೆದಿದೆ ಅಂದುಕೊಳ್ಳಬೇಕು.

ಆ ದಿನ ಶೆಡ್ಡಿನಲ್ಲಿ ನಿಂತಿದ್ದದ್ದು ನರ್ಸು ದುರ್ಗವ್ವ ಸಿಸ್ಟರಳ ಬೈಕು. ಗುಡ್ಡದ ಮೇಲಿನ ತಾಂಡಾಗಳಿಗೆಲ್ಲ ಹೆರಿಗೆಗೆ, ಸೂಜಿಗೆ ಓಡಾಡುವವಳು ಅವಳೊಬ್ಬಳೇ. ಗಾಡಿ ಹೊಸದು, ಎತ್ತರದ್ದು, ಹೊಟ್ಟೆಯಲ್ಲಿ ಕಂಪ್ಯೂಟರ್ ಇದ್ದದ್ದು.

ಅವಳ ಬೇಡಿಕೆ ಒಂದೇ.

"ಹೆಡ್‌ಲೈಟು ಗಾಡಿ ಮೈಗೆ ಕೂತೈತಿ. ನಾ ಹ್ಯಾಂಡಲ್ ಹೊಳ್ಳಿಸಿದ್ರೂ ಅದು ಹೊಳ್ಳಂಗಿಲ್ಲ, ತನ್ನ ಮೂಗಿನ ನೇರಕ್ಕ ನೋಡತೈತಿ. ತಿರುವಿನಾಗ ಅದು ಗಾಳಿ ನೋಡತಿರತೈತಿ, ನಾ ರಸ್ತೆ ಹುಡುಕತಿರತೀನಿ. ತಿರುವು ಕಾಣೋಹಂಗ ಫಾಗ್ ಲೈಟ್ ಹಾಕಿಕೊಡ್ರಿ."

ಅಷ್ಟು ಹೇಳಿ ಎಡಗೈ ತೋಳು ಸರಿಸಿ ತೋರಿಸಿದ್ದಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ಕೆರೆದ ಗಾಯದ ಗುರುತು. ಮಳೆಗಾಲದಲ್ಲಿ ಒಂದು ತಿರುವು ಅವಳಿಗೆ ಕೊಟ್ಟ ಬಳುವಳಿ.

ಅಜ್ಜ ಹುಲಿಗೇಶನ ಕಡೆ ನೋಡಿದ್ದ.

"ನೀ ಮಾಡು. ನಾ ಕೈ ಹಚ್ಚಂಗಿಲ್ಲ."

ಹುಲಿಗೇಶನಿಗೆ ಆಗಲೇ ಲ್ಯಾಂಪು ಸೊಂಟಕ್ಕೆ ಬಂದು ಕೂತ ಹಾಗಾಗಿತ್ತು.

ಮಾಡಿದ್ದೂ ಹಾಗೇ ಮಾಡಿದ್ದ. ಸುಳ್ಳೇಕೆ ಹೇಳಬೇಕು? ಎರಡೂ ಫಾಗ್ ಲೈಟುಗಳನ್ನು ಮುಂದಿನ ಚಕ್ರ ಹಿಡಿದ ಫೋರ್ಕಿಗೇ ಕೂರಿಸಿದ್ದ, ಹ್ಯಾಂಡಲ್ ತಿರುಗಿದರೆ ಬೆಳಕೂ ತಿರುಗಬೇಕು ಅಂತ. ಕಂಪನಿಯ ಒಂದು ವೈರಿಗೂ ಬ್ಲೇಡು ಮುಟ್ಟಿಸಿರಲಿಲ್ಲ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು, ಸೀಟಿನ ಕೆಳಗೆ ರಿಲೇ, ಎಡಗೈ ಹೆಬ್ಬೆರಳಿಗೆ ಸಿಗುವ ಹಾಗೆ ಸ್ವಿಚ್ಚು. ವೈರುಗಳೆಲ್ಲ ಸ್ಲೀವಿನೊಳಗೆ, ಪ್ಲಾಸ್ಟಿಕ್ ಟ್ಯಾಗು ಬಿಗಿದು, ಅದರ ಬಾಲ ಕತ್ತರಿಸಿ, ಮದುವೆ ಹೆಣ್ಣಿನ ಜಡೆಯ ಹಾಗೆ.

ಕೆಲಸ ಮಾಡುವಾಗ ಹ್ಯಾಂಡಲ್ ಅತ್ತಿತ್ತ ಹೊರಳಿ ಕಾಟ ಕೊಡುತ್ತಿತ್ತು. ಅದಕ್ಕೆ ಹಗ್ಗ ಹಾಕಿ ನೇರಕ್ಕೆ ಬಿಗಿದು ಕಟ್ಟಿದ್ದ.

ಇಳಿಬಿಸಿಲು ಇನ್ನೂ ತಗಡಿನ ಮೇಲಿರುವಾಗ ಸಿಸ್ಟರ್ ಬಂದಳು. ಹುಲಿಗೇಶ ಸ್ವಿಚ್ಚು ಒತ್ತಿದ. ಎದುರಿನ ಗೋಡೆ ಬೆಳ್ಳಗಾಯಿತು.

"ನೋಡ್ರಿ ಅಕ್ಕಾ! ಇನ್ನ ಗುಡ್ಡದಾಗ ಚಿರತಿ ಎದುರಿಗೆ ಬಂದ್ರೂ ಕಣ್ಣು ಮುಚ್ಚಿಕೊಂಡು ದಾರಿ ಬಿಡಬೇಕು."

"ಚಿರತಿ ಸುದ್ದಿ ಬಿಡಪಾ. ರಸ್ತೆ ಅಂಚು ಕಾಣತೈತೇನು?"

"ಅಂಚಿನಾಗ ಇರಿವಿ ಹೊಂಟಿದ್ರ ಅದರ ಮೀಸಿ ಕಾಣತೈತ್ರಿ."

ಸಿಸ್ಟರ್ ನಕ್ಕಳು. ನಕ್ಕರೂ ಒಂದು ಕಣ್ಣು ಮೊಬೈಲಿನ ಮೇಲಿತ್ತು.

"ಮ್ಯಾಲಿನ ತಾಂಡಾದಾಗ ಸೋಮ್ಲಿಗೆ ದಿನ ತುಂಬ್ಯಾವ. ಇವತ್ತು ಕತ್ತಲಾಗೋದ್ರಾಗ ಫೋನ್ ಬಂದ್ರೂ ಬರಬಹುದು. ಗಾಡಿ ಕೊಡ್ರಿ, ನಾ ತಯಾರಿರತೀನಿ."

"ತಗೋರಿ ಕೀ," ಅಂದ ಹುಲಿಗೇಶ.

ಕೀ ಅವಳ ಕೈಗೆ ಬೀಳಲಿಲ್ಲ. ನಡುವೆ ಇನ್ನೊಂದು ಅಂಗೈ ಬಂದಿತ್ತು. ಅಜ್ಜನದು.

ಅಜ್ಜ ಹ್ಯಾಂಡಲಿನ ಹಗ್ಗ ನಿಧಾನಕ್ಕೆ ಬಿಚ್ಚಿದ. ಮಡಿಚಿ ತನ್ನ ಜೋಳಿಗೆಯಲ್ಲಿ ಹಾಕಿಕೊಂಡ. ಆಮೇಲೆ ಕೇಳಿದ.

"ಅರ್ಥ ಆತೇನು?"

ಏನನ್ನು ಕೇಳಿದ ಅಂತ ಯೋಚನೆ ಮಾಡಲು ಹುಲಿಗೇಶನಿಗೆ ಪುರುಸೊತ್ತಿರಲಿಲ್ಲ. ಕೀ ಅಡ್ಡ ಹಿಡಿದದ್ದು ಯಾಕೆ, ಆ ಶೆಡ್ಡಿನ ವಾಡಿಕೆ ಏನು, ಅದು ಅವನಿಗೆ ಅರ್ಥವಾಗಿತ್ತು.

"ಆತ್ರಿ."

ವಾಡಿಕೆ ಇದು: ದೀಪ ಹಾಕಿದವನೇ ಗಾಡಿ ಮೊದಲು ಓಡಿಸಬೇಕು. ಹೇಳಿಕೊಟ್ಟವನು ಹಿಂದೆ ಕೂರಬೇಕು. ಇಬ್ಬರೂ ನೆಟ್ಟಗೆ ವಾಪಸು ಬಂದಮೇಲೆಯೇ ಗಾಡಿ ಒಡೆಯರ ಕೈಗೆ.

ಸಾಮಾನ್ಯವಾಗಿ ಹೊಳೆಯ ಮೆಟ್ಟಿಲವರೆಗೆ ಹೋಗಿ ಬರುತ್ತಿದ್ದರು. ಅಜ್ಜ ಹಿಂದಿನ ಸೀಟು ಹತ್ತಿ, ಜೋಳಿಗೆ ತೊಡೆಯ ಮೇಲಿಟ್ಟುಕೊಂಡು, ಗುಡ್ಡದ ಕಡೆ ಕೈ ತೋರಿಸಿದ.

"ಅಜ್ಜಾ, ಫೋನ್ ಬಂದ್ರ?" ಅಂದಳು ಸಿಸ್ಟರ್.

"ಬಂದ್ರ ಹುಲಿಗೇಶಗ ಹೇಳು."

ಗಾಡಿ ಹೊರಟಿತು.

ಬಿಸಿಲು ಗುಡ್ಡದ ಆಚೆಗೆ ಇಳಿದುಬಿಟ್ಟಿತ್ತು. ಏರುರಸ್ತೆಯ ಮೇಲೆ ಬೂದಿಬಣ್ಣ ಕವಿದಿತ್ತು. ಹುಲಿಗೇಶ ಹೆಬ್ಬೆರಳು ಒತ್ತಿದ.

ರಸ್ತೆ ಎದ್ದು ನಿಂತಿತು! ಎಡಗಡೆ ಕಲ್ಲು, ಬಲಗಡೆ ಹುಲ್ಲು, ಡಾಂಬರಿನ ಬಿರುಕು, ಎಲ್ಲ ಬಿಡಿಬಿಡಿಯಾಗಿ ಕಂಡವು.

"ಹೆಂಗೈತ್ರಿ ಅಜ್ಜಾ? ಹಗಲು ಮಾಡೀನಿ!"

ಹಿಂದೆ ಅಜ್ಜ ಜೋಳಿಗೆ ಸರಿಮಾಡಿಕೊಂಡ.

"ಈ ಸೀಮಿಯಾಗ ಇಂಥಾ ಕೆಲಸ ಯಾರಾರ ಮಾಡ್ಯಾರೇನ್ರಿ?"

"ಇನ್ನ ನೇರ ರಸ್ತೆಯಾಗ ಅದೀವಿ," ಅಂದ ಅಜ್ಜ.

ಮೊದಲ ತಿರುವು ಬಂತು. ಎಡಕ್ಕೆ ಮಡಿಚಿಕೊಂಡು ಏರುವ ತಿರುವು. ಹೊರಗಡೆ ತಡೆಗೋಡೆ ಇಲ್ಲ, ಕೆಳಗೆ ಹೊಳೆ. ಹುಲಿಗೇಶ ಗೇರು ಇಳಿಸಿ ಹ್ಯಾಂಡಲ್ ತಿರುಗಿಸಿದ.

ಎರಡೂ ಫಾಗ್ ಲೈಟು ಆರಿದವು.

ಯಾರೋ ಊದಿ ಆರಿಸಿದ ಹಾಗೆ. ಹೆಡ್‌ಲೈಟಿನ ಬೆಳಕು ರಸ್ತೆ ಬಿಟ್ಟು ಬಯಲಿಗೆ ಚಾಚಿತ್ತು. ಅದರಲ್ಲಿ ಹುಳಗಳು ಹಾರಾಡುತ್ತಿದ್ದವು, ಬೇರೇನೂ ಇರಲಿಲ್ಲ.

ಬ್ರೇಕು ಹಿಡಿದ. ಅಂದಾಜಿನ ಮೇಲೆ ಗಾಡಿ ಎಳೆದ. ತಿರುವು ದಾಟಿ ಹ್ಯಾಂಡಲ್ ನೆಟ್ಟಗಾಯಿತು, ಎರಡೂ ದೀಪ ಹತ್ತಿದವು. ಏನೂ ಆಗೇ ಇಲ್ಲವೆನ್ನುವ ಹಾಗೆ.

"ಅರ್ಥ ಆತೇನು?" ಹಿಂದಿನಿಂದ ಅಜ್ಜ.

"ಆತ್ರಿ, ಆತ್ರಿ. ವೈರ್ ಕೂಡಸೋ ಕಪ್ಲರ್ ಸಡಲಾಗೈತಿ. ಈಗ ಒತ್ತತೀನಿ."

ಗಾಡಿ ನಿಲ್ಲಿಸಿದ. ಇಳಿದು ಎರಡೂ ದೀಪಗಳ ಕಪ್ಲರ್ ಒತ್ತಿದ. ಕಟಕ್ ಅಂತ ಸದ್ದೇನೂ ಬರಲಿಲ್ಲ; ಅವು ಮೊದಲೇ ಸರಿಯಾಗಿ ಕೂತಿದ್ದವು. ದೀಪ ಉರಿಯುತ್ತಲೇ ಇತ್ತು.

"ಆತ್ರಿ ಅಜ್ಜಾ. ಇನ್ನ ಆರಂಗಿಲ್ಲ."

"ನಡಿ."

ಹುಲಿಗೇಶ ಮತ್ತೆ ಗಾಡಿ ಏರಿ ಗೇರು ಹಾಕಿದ.

ಎರಡನೆಯ ತಿರುವು ಬಲಕ್ಕೆ. ಗುಡ್ಡದಿಂದ ಇಳಿದ ನೀರು ಅಲ್ಲಿ ಸಣ್ಣಕಲ್ಲಿನ ಗರಸು ತಂದು ಹಾಸಿತ್ತು. ಅದು ಹಗಲಲ್ಲಿ ಮಾತ್ರ ಕಾಣುತ್ತದೆ.

ಹ್ಯಾಂಡಲ್ ತಿರುಗಿತು. ದೀಪ ಆರಿತು.

ಮುಂದಿನ ಚಕ್ರ ಗರಸಿನ ಮೇಲೆ ಜಾರಿತು. ಗಾಡಿ ಅಡ್ಡ ಹೋಯಿತು. ಹುಲಿಗೇಶ ಎರಡೂ ಕಾಲು ನೆಲಕ್ಕೆ ಒತ್ತಿ ಹಿಡಿದ. ಎಡಗಾಲ ಕೆಳಗಿನಿಂದ ಒಂದು ಕಲ್ಲು ಕಿತ್ತು ಅಂಚಿನ ಆಚೆಗೆ ಹೋಯಿತು.

ಇಬ್ಬರೂ ಕೇಳಿಸಿಕೊಂಡರು. ಕಲ್ಲು ಒಮ್ಮೆ ಬಂಡೆಗೆ ತಾಗಿತು. ಆಮೇಲೆ ಸುಮ್ಮನಾಯಿತು. ಸ್ವಲ್ಪ ತಡೆದು, ಬಹಳ ಕೆಳಗೆ, ನೀರಿನ ಸದ್ದು ಬಂತು.

ಎಂಜಿನ್ ಆರಿಹೋಗಿತ್ತು. ಹೆಡ್‌ಲೈಟು ಬಯಲು ನೋಡುತ್ತಿತ್ತು.

ಹುಲಿಗೇಶ ಆಗ ಒಂದು ಸಂಗತಿ ಗಮನಿಸಿದ. ಇಷ್ಟಾದರೂ ಅಜ್ಜ ಅವನ ಭುಜ ಹಿಡಿದಿರಲಿಲ್ಲ, ಸೊಂಟ ಹಿಡಿದಿರಲಿಲ್ಲ. ಅಜ್ಜನ ಎರಡೂ ಕೈ ಅಜ್ಜನ ಮೊಣಕಾಲ ಮೇಲೇ ಇದ್ದವು.

"ಇಳೀರಿ ಅಜ್ಜಾ. ಇಳೀರಿ ಮೊದ್ಲ."

ಅಜ್ಜ ಇಳಿದ. ಇಬ್ಬರೂ ಸೇರಿ ಗಾಡಿಯನ್ನು ಗುಡ್ಡದ ಮಗ್ಗುಲಿಗೆ ತಳ್ಳಿ ನಿಲ್ಲಿಸಿದರು. ಹ್ಯಾಂಡಲ್ ನೆಟ್ಟಗಾದದ್ದೇ ತಡ, ಫಾಗ್ ಲೈಟು ಹತ್ತಿ ಬಂಡೆಯನ್ನು ಬೆಳಗಿದವು. ಹುಲಿಗೇಶನಿಗೆ ಅವನ್ನು ಒದೆಯಬೇಕು ಅನ್ನಿಸಿತು.

"ಲೈಟು ಡೂಪ್ಲಿಕೇಟ್ ಅದಾವ್ರಿ."

"ಆರಿಸಿ ತಂದವರ್ಯಾರು?"

"ನಾನ... ಅಂಗಡಿಯವ ಮೋಸ ಮಾಡ್ಯಾನ. ಇಲ್ಲಾ, ಈ ಕಂಪ್ಯೂಟರ್ ಗಾಡಿನ ಹಿಂಗ. ಹೊರಗಿನ ದೀಪ ತಡಕೊಳ್ಳಂಗಿಲ್ಲ. ಆರಿಸಿಬಿಡತೈತಿ."

"ತಿರುವು ಬಂದದ್ದು ಕಂಪ್ಯೂಟರಿಗೆ ಹೆಂಗ ಗೊತ್ತಾಕ್ಕೈತಿ?"

ಹುಲಿಗೇಶ ಬಂದ ದಾರಿಯ ಕಡೆ ನೋಡಿದ.

"ಹೊಳ್ಳಿ ಹೋಗೂಣ್ರಿ ಅಜ್ಜಾ. ಶೆಡ್ಡಿನಾಗ ನೋಡತೀನಿ."

"ಹೊಳ್ಳಾಕ ಹ್ಯಾಂಡಲ್ ಹೊಳ್ಳಿಸಬೇಕಲ್ಲಪಾ."

ಅದೇ ಹೊತ್ತಿಗೆ ಅವನ ಜೇಬಿನಲ್ಲಿ ಫೋನು ಬಾರಿಸಿತು. ಸಿಸ್ಟರ್.

"ಹುಲಿಗೇಶಾ, ತಾಂಡಾದಿಂದ ಫೋನ್ ಬಂತು. ಸೋಮ್ಲಿಗೆ ನೋವು ಸುರು ಆಗೈತಂತ. ಎಲ್ಲಿ ಅದೀರಿ?"

"ಇಲ್ಲೇ... ಎರಡನೇ ತಿರುವಿನಾಗ ಅಕ್ಕಾ."

"ದೀಪ ಹೆಂಗದಾವು? ನಾ ಹೋಗಬಹುದಲ್ಲ?"

ಈ ರಸ್ತೆಯಲ್ಲಿ ಇನ್ನೂ ಎಷ್ಟೋ ತಿರುವುಗಳಿದ್ದವು. ಅವನ್ನೆಲ್ಲ ಅವಳು ಒಬ್ಬಳೇ ದಾಟಬೇಕಿತ್ತು. ಶೆಡ್ಡಿನಲ್ಲಿ ಕೀ ಅವಳ ಅಂಗೈಗೆ ಬೀಳಲು ನಾಲ್ಕೇ ಬೆರಳಿನ ಅಂತರ ಇತ್ತು. ಇರಿವಿಯ ಮೀಸಿ ಕಾಣತೈತಿ ಅಂದಿದ್ದ ಅವನೇ. ಕಲ್ಲು ನೀರಿಗೆ ಬಿದ್ದ ಸದ್ದು ಮತ್ತೆ ಕಿವಿಗೆ ಬಂತು.

"ಹಲೋ? ಹುಲಿಗೇಶಾ?"

"ಈಗ ಬ್ಯಾಡಕ್ಕಾ," ಅಂದ. "ದೀಪ ಸರಿ ಇಲ್ಲ. ಸರಿ ಆದಕೂಡಲೇ ತರತೀನಿ."



"ಲಗೂನ ತಾರಪಾ."

ಹುಲಿಗೇಶ ಫೋನು ಜೇಬಿಗೆ ಹಾಕಿದ.

ಅಜ್ಜ ಬಂಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಅಲ್ಲಿಂದಲೇ, ಅದೇ ದನಿಯಲ್ಲಿ ಮತ್ತೆ ಕೇಳಿದ.

"ಅರ್ಥ ಆತೇನು?"

"ಆ..."

ನಾಲಿಗೆ ರೂಢಿಯಂತೆ ಹೊರಟಿತ್ತು. ಹುಲಿಗೇಶ ಅದನ್ನು ಹಲ್ಲಿನಲ್ಲಿ ಹಿಡಿದ.

"ಇಲ್ರಿ," ಅಂದ. "ಆಗಿಲ್ಲ."

ಅಜ್ಜ ಸೊಂಟಕ್ಕೆ ಕೈ ಹಾಕಿದ. ಟೆಸ್ಟ್ ಲ್ಯಾಂಪು ತೆಗೆದು ನೀಡಿದ.

"ಹಂಗಾರ ಹುಡುಕು."

ಅಷ್ಟು ದಿನ ಬಯಸಿದ್ದು ಕೈಗೆ ಬಂದಿತ್ತು. ಹುಲಿಗೇಶನಿಗೆ ಅದು ಏನೆಂದು ನೋಡುವ ಪುರುಸೊತ್ತೂ ಇರಲಿಲ್ಲ. ಸೀಟು ಬಿಚ್ಚಿದ. ಕ್ಲಿಪ್ಪನ್ನು ಉದ್ದನೆಯ ವೈರಿನಿಂದ ಬ್ಯಾಟರಿಯ ಕಪ್ಪು ತುದಿಗೆ ಕಚ್ಚಿಸಿದ. ಸೂಜಿಯನ್ನು ದೀಪದ ಕೆಂಪು ವೈರಿಗೆ ಚುಚ್ಚಿದ. ಬಲ್ಬು ಹತ್ತಿತು. ಒಂದು ಕೈಯಲ್ಲಿ ಹ್ಯಾಂಡಲ್ ಪೂರ್ತಿ ಹೊರಳಿಸಿದ. ಫಾಗ್ ಲೈಟು ಆರಿದವು. ಬಲ್ಬು ಮಾತ್ರ ಉರಿಯುತ್ತಲೇ ಇತ್ತು.

"ಕರೆಂಟು ಬರಾಕತ್ತೈತ್ರಿ ಅಜ್ಜಾ! ದೀಪದ ಬಾಯಿತನಕ ಬರಾಕತ್ತೈತಿ!"

"ಬರತೈತಿ. ಹೊಳ್ಳಿ ಹೋಗಾಕ ದಾರಿ ಎಲ್ಲಿ?"

ಹುಲಿಗೇಶ ಸೂಜಿ ಹಿಡಿದು ಕೂತ.

ಕಪ್ಪು ವೈರನ್ನು ಅವನು ಬ್ಯಾಟರಿಯವರೆಗೆ ಎಳೆದಿರಲಿಲ್ಲ. ಯಾಕೆ ಎಳೆಯಬೇಕು? ಊರಲ್ಲಿ ಟ್ರ್ಯಾಕ್ಟರಿಗೆ ಎಷ್ಟು ದೀಪ ಕಟ್ಟಿಲ್ಲ! ಕಬ್ಬಿಣ ಸಿಕ್ಕ ಕಡೆ ಬೋಲ್ಟಿಗೆ ಸಿಕ್ಕಿಸಿದರೆ ಆಯಿತು, ಗಾಡಿಯ ಮೈಯೇ ಅರ್ಥ. ಹಾಗೇ ಇಲ್ಲಿಯೂ ದೀಪದ ಪಕ್ಕದಲ್ಲೇ, ಫೋರ್ಕಿನ ಬೋಲ್ಟಿಗೆ, ಒಂದು ಗೇಣು ವೈರಿನಲ್ಲಿ ಮುಗಿಸಿದ್ದ. ನೋಡಲು ಎಷ್ಟು ಚಂದ ಇತ್ತು!

"ಅರ್ಥ ಫೋರ್ಕಿಗೆ ಕೊಟ್ಟೀನ್ರಿ. ನೋಡ್ರಿ, ಐತಿ."

ಕ್ಲಿಪ್ಪನ್ನು ಬ್ಯಾಟರಿಯಿಂದ ಬಿಡಿಸಿ ಫೋರ್ಕಿನ ಬೋಲ್ಟಿಗೆ ಕಚ್ಚಿಸಿದ. ಹ್ಯಾಂಡಲ್ ನೆಟ್ಟಗೆ ಮಾಡಿದ. ಬಲ್ಬು ಹತ್ತಿತು.

ಅಜ್ಜ ಎದ್ದು ಬಂದ. ಒಂದು ಬೆರಳಿನಿಂದ ಹ್ಯಾಂಡಲ್ ತುದಿ ಹಿಡಿದು ಮೆಲ್ಲಗೆ ಎಡಕ್ಕೆ ಹೊರಳಿಸಿದ.

ಬಲ್ಬು ಆರಿತು.

ನೆಟ್ಟಗೆ ಮಾಡಿದ. ಹತ್ತಿತು.

ಬಲಕ್ಕೆ ಹೊರಳಿಸಿದ. ಆರಿತು.

ಹುಲಿಗೇಶ ಬಲ್ಬನ್ನೇ ನೋಡುತ್ತಿದ್ದ. ಫೋರ್ಕು ಗಾಡಿಗೆ ಅಂಟಿಕೊಂಡದ್ದಲ್ಲ. ನಡುವೆ ಬೇರಿಂಗಿನ ಗುಂಡುಗಳು, ಗುಂಡುಗಳ ತುಂಬ ಗ್ರೀಸು. ನೆಟ್ಟಗಿದ್ದಾಗ ಎಲ್ಲೋ ಒಂದು ಕಡೆ ತಾಗಿ ಕರೆಂಟು ದಾಟುತ್ತಿತ್ತು. ಹೊರಳಿದರೆ ಬಿಟ್ಟುಹೋಗುತ್ತಿತ್ತು. ಶೆಡ್ಡಿನಲ್ಲಿ ಇದು ಕಾಣುವ ದಾರಿಯೇ ಇರಲಿಲ್ಲ. ಅಲ್ಲಿ ಅವನೇ ಹ್ಯಾಂಡಲಿಗೆ ಹಗ್ಗ ಬಿಗಿದಿದ್ದ.

"ಅರ್ಥ..." ಅಂದ.

ತಲೆ ಎತ್ತಿದ.

"ಅಜ್ಜಾ, ನೀವು ಇಷ್ಟೊತ್ತು ಕೇಳಿದ್ದು ವೈರಿಂದೇನ್ರಿ?"

"ಮತ್ತ ಯಾರದು ಕೇಳಲಿ?"

"ನಾ... ನನಗ ತಿಳೀತೇನು ಅಂತ ಕೇಳಾಕತ್ತೀರಿ ಅಂದ್ಕೊಂಡೆ."

"ಅದಕ್ಕೂ ಆತು ಅಂದಿ."

ಗಾಳಿ ಬೀಸಿತು. ಕೆಳಗೆ ಹೊಳೆ ಕಾಣುತ್ತಿರಲಿಲ್ಲ, ಕೇಳಿಸುತ್ತಿತ್ತು.

ಅಜ್ಜ ಜೋಳಿಗೆ ಬಿಚ್ಚಿ ನೆಲದ ಮೇಲೆ ಹರವಿದ. ಒಳಗೆ ಆ ಹಗ್ಗ ಇತ್ತು. ಒಂದು ಪಾನಾ, ಒಂದು ಇಕ್ಕಳ, ಟೇಪು, ನಾಲ್ಕಾರು ಟ್ಯಾಗು. ಒಂದು ಸುರುಳಿ ವೈರು. ಎಲ್ಲ ಕಪ್ಪು. ಕೆಂಪು ಒಂದೆಳೆಯೂ ಇರಲಿಲ್ಲ.

ಹುಲಿಗೇಶ ಅದನ್ನು ನೋಡಿದ, ಅಜ್ಜನನ್ನು ನೋಡಿದ.

"ನಿಮಗ ಮೊದಲ ಗೊತ್ತಿತ್ತು."

"ಹಗ್ಗ ನೋಡಿದ್ದೆ."

"ಗೊತ್ತಿದ್ದೂ ಹಿಂದ ಯಾಕ ಕುಂತ್ರಿ?"

"ನೀ ಓಡಸಾಕತ್ತಿದ್ದಿ. ನಾ ಎಲ್ಲಿ ಕುಂದ್ರಬೇಕಿತ್ತು?"

ಹುಲಿಗೇಶ ಪಾನಾ ಎತ್ತಿಕೊಂಡ. ಅದು ಬೋಲ್ಟಿನ ಮೇಲೆ ಕೂರಲಿಲ್ಲ. ಮತ್ತೆ ಹಿಡಿದ. ಪಾನಾ ಜಾರಿ ಕಲ್ಲಿನ ಮೇಲೆ ಬಿದ್ದು ಠಣ್ ಅಂತು. ಅವನ ಎರಡೂ ಕೈ ನಡುಗುತ್ತಿದ್ದವು.

ಅಜ್ಜ ಬಿದ್ದ ಪಾನಾ ಎತ್ತಿಕೊಂಡ.

"ಹೇಳು. ನಾ ಹಾಕತೀನಿ."

"ನಿಮಗ ನಾ ಹೇಳೂದೇನ್ರಿ?"

"ಕೈ ನಡಗಾಕತ್ತಾವ. ಬಾಯಿ ಎಂದೂ ನಡುಗಿಲ್ಲಲ್ಲ ನಿಂದು. ಹೇಳು."

ಹುಲಿಗೇಶ ಬ್ಯಾಟರಿಯ ಕಡೆ ಬೆರಳು ತೋರಿಸಿದ.

"ಮೊದ್ಲ... ಕೀ ಬಂದ್ ಮಾಡಿ ಫಾಗ್ ಲೈಟಿನ ಫ್ಯೂಸ್ ತಗೀರಿ."

ಅಜ್ಜ ಹಾಗೇ ಮಾಡಿದ. ಗುಡ್ಡ ಒಮ್ಮೆಲೇ ಕಪ್ಪಾಯಿತು. ಹುಲಿಗೇಶ ಫೋನಿನ ಟಾರ್ಚು ಹಚ್ಚಿ ಹಿಡಿದ.

"ಫೋರ್ಕಿನ ಬೋಲ್ಟ್‌ನಿಂದ ಹಳೇ ಅರ್ಥ ಬಿಚ್ರಿ. ಅದಕ್ಕ ಹೊಸ ವೈರ್ ಕೂಡಸ್ರಿ."

ಅಜ್ಜ ಬಿಚ್ಚಿದ. ಕೂಡಿಸಿ, ಟೇಪು ಸುತ್ತಿದ.

"ಟ್ಯಾಂಕಿನ ಕೆಳಗಿಂದ ಬ್ಯಾಟರಿಗೆ ಹಾಯಿಸ್ರಿ."

ಅಜ್ಜ ಹಾಯಿಸಿದ. ಹಾಯಿಸಿ, ಸೀಟಿನ ಕಡೆಯಿಂದ ಎಳೆದ. ವೈರು ತಂತಿಯ ಹಾಗೆ ಬಿಗಿಯಾಗಿ ನಿಂತಿತು. ಹುಲಿಗೇಶನ ಕೆಲಸದಲ್ಲಿ ವೈರು ಯಾವಾಗಲೂ ಹಾಗೇ ಇರುತ್ತಿತ್ತು.

ಅಜ್ಜ ಟ್ಯಾಗು ಹಿಡಿದು ಕಾಯುತ್ತಿದ್ದ.

"ಬಿಗೀಲೇನು?"

"ಹ್ಞೂಂ... ಬ್ಯಾಡ್ರಿ! ತಡೀರಿ." ಹುಲಿಗೇಶ ಬಗ್ಗಿ ಫೋರ್ಕಿನ ಕುತ್ತಿಗೆಯ ಹತ್ತಿರ ಟಾರ್ಚು ಹಿಡಿದ. "ಇಷ್ಟು ಬಿಗಿ ಇದ್ರ ಹ್ಯಾಂಡಲ್ ಹೊಳ್ಳಿದಾಗ ಹರೀತೈತಿ. ಇಲ್ಲಿ ಸ್ವಲ್ಪ ಸಡಲ ಬಿಡ್ರಿ. ಹೊಳ್ಳಿಸಿ ನೋಡಿ, ಆಮ್ಯಾಲ ಟ್ಯಾಗ್ ಹಾಕ್ರಿ."

"ಎಷ್ಟು ಸಡಲ?"

"ಪೂರ್ತಿ ಹೊಳ್ಳಿದ್ರೂ ಎಳೀಬಾರದು. ನೆಟ್ಟಗಿದ್ದಾಗ ಸಿಕ್ಕಿ ಹಾಕ್ಕೋಬಾರದು. ಅಷ್ಟು."

ಅಜ್ಜ ಹ್ಯಾಂಡಲನ್ನು ಆ ತುದಿಯಿಂದ ಈ ತುದಿಗೆ ಹೊರಳಿಸಿದ. ವೈರು ಬೇಕಾದಷ್ಟು ಚಾಚಿತು, ಬೇಕಾದಷ್ಟು ಮಡಿಚಿತು. ಆಮೇಲೆ ಟ್ಯಾಗು ಹಾಕಿದ. ಬಾಲ ಕತ್ತರಿಸಲಿಲ್ಲ, ಹುಲಿಗೇಶ ಹೇಳಿರಲಿಲ್ಲ.

"ಬಾಲ ಇರಲಿ ಬಿಡ್ರಿ," ಅಂದ ಹುಲಿಗೇಶ. "ಬ್ಯಾಟರಿ ಕಪ್ಪು ತುದಿಗೆ ಬಿಗೀರಿ. ಫ್ಯೂಸ್ ಹಾಕ್ರಿ. ಕೀ ಹೊಳ್ಳಿಸಿ ಸ್ವಿಚ್ ಒತ್ರಿ."

ದೀಪ ಹತ್ತಿದವು.

"ಎಡಕ್ಕ ಹೊಳ್ಳಿಸ್ರಿ."

ಬೆಳಕು ಬಂಡೆಯ ಮೇಲಿಂದ ಸರಿದು ರಸ್ತೆಯ ಮೇಲೆ ಬಂತು. ಆರಲಿಲ್ಲ.

"ಬಲಕ್ಕ."

ಬೆಳಕು ಅಂಚಿನ ಮೇಲೆ ನಿಂತಿತು. ಗರಸಿನ ಮೇಲೆ ಅವರ ಗಾಡಿಯ ಜಾರಿದ ಗುರುತು ಕಂಡಿತು. ಅದು ಅಂಚಿನಿಂದ ಎಷ್ಟು ದೂರ ಇತ್ತು ಅನ್ನುವುದೂ ಕಂಡಿತು. ಹುಲಿಗೇಶ ಅಷ್ಟು ಸ್ಪಷ್ಟವಾಗಿ ಅದನ್ನು ನೋಡಬೇಕೆಂದಿರಲಿಲ್ಲ.

ಕೆಳಗಿನಿಂದ ಮತ್ತೆ ಫೋನು.

"ಬಂದ್ವಿ ಅಕ್ಕಾ," ಅಂದ. ಅಷ್ಟೇ ಅಂದ.

ಸೀಟು ಕೂರಿಸಿ, ಜೋಳಿಗೆ ಕಟ್ಟಿ, ಹುಲಿಗೇಶ ಹ್ಯಾಂಡಲಿಗೆ ಕೈ ಚಾಚಿದ. ಅಲ್ಲಿ ಆಗಲೇ ಎರಡು ಕೈ ಇದ್ದವು. ಅಜ್ಜ ಧೋತರ ಮೊಣಕಾಲ ಮೇಲೆ ಎತ್ತಿ ಕಟ್ಟಿ, ಮುಂದಿನ ಸೀಟಿನ ಮೇಲೆ ಕೂತಿದ್ದ. ಅವನ ಪಾದ ನೆಲಕ್ಕೆ ಪೂರ್ತಿ ಎಟುಕುತ್ತಿರಲಿಲ್ಲ, ಹೆಬ್ಬೆರಳು ಎಟುಕುತ್ತಿತ್ತು.

ಅಜ್ಜ ಗಾಡಿ ಓಡಿಸಿದ್ದನ್ನು ಆ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ.

"ಅಜ್ಜಾ... ನಿಮಗ ಈ ಗಾಡಿ ಬರತೈತೇನ್ರಿ?"

"ನಿನಗ ಬರತೈತೇನು ಅಂತ ನಾ ಕೇಳಿದ್ನೇನು?"

"ಇಳಿಜಾರೈತ್ರಿ. ತಿರುವು ಅದಾವ."

"ಅದಾವ."

ಅಜ್ಜ ಎಂಜಿನ್ ಹಚ್ಚಿದ. ಗಾಡಿ ಒಮ್ಮೆ ಮುಗ್ಗರಿಸಿ ನಿಂತಿತು.

"ಈ ಅರ್ಥ ಹಾಕಿದವರ್ಯಾರು?" ಅಜ್ಜ ಮುಂದೆ ನೋಡುತ್ತಲೇ ಕೇಳಿದ.

"ನೀವ."

"ಹೇಳಿಕೊಟ್ಟವರು?"

ಹುಲಿಗೇಶ ಕೆಳಗಿನ ಕತ್ತಲೆ ನೋಡಿದ. ಶೆಡ್ಡಿನ ವಾಡಿಕೆಯನ್ನೂ, ತಾನು ಹೇಳಿದ ಒಂದೊಂದು ಮಾತನ್ನೂ ನೆನೆದ. ಫ್ಯೂಸ್ ಹೇಳಿದ್ದೆನೇ? ಹೇಳಿದ್ದೆ. ಬ್ಯಾಟರಿ ತುದಿ ಬಿಗೀರಿ ಅಂದಿದ್ದೆನೇ? ಅಂದಿದ್ದೆ. ಸಡಲು ಸಾಕಷ್ಟಿದೆಯೇ? ಇನ್ನೊಮ್ಮೆ ಬಗ್ಗಿ ವೈರು ನೋಡಿದ. ಮುಟ್ಟಿ ನೋಡಿದ.

"ನಾನು," ಅಂದ. ಹುಲಿಯ ದನಿ ಇರಲಿಲ್ಲ ಅದರಲ್ಲಿ.

ಕೈಯಲ್ಲಿ ಇನ್ನೂ ಟೆಸ್ಟ್ ಲ್ಯಾಂಪು ಇತ್ತು. ಏನು ಮಾಡಬೇಕು ತೋಚದೆ ಅದನ್ನು ಅಜ್ಜನ ಕಡೆ ನೀಡಿದ. ಬೇಡ, ನೀನೇ ಇಟ್ಟುಕೋ ಅಂದಾನೇನೋ ಅಂತ ಒಂದು ಗಳಿಗೆ ಕಾದ.

ಅಜ್ಜ ಅದನ್ನು ತೆಗೆದುಕೊಂಡು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡ.

"ಲ್ಯಾಂಪು ಬ್ಯಾರೆಯವರಿಗೆ ಕೊಟ್ಟೀನಿ. ನಿನಗ ಕೊಡೋದು ಹಿಂದಿನ ಸೀಟು. ಕುಂದ್ರು."